ಕಟ್ಟೆಯ ಎತ್ತರ

ಜನವರಿ 4

ಅಕ್ಕನಿಗೆ,

ದೇವರು ನಿನ್ನನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆ ಎಂದುಕೊಂಡು ಈ ಕಾಗದ ಶುರು ಮಾಡಿದ್ದೇನೆ. ಫೋನಿನಲ್ಲಿ ನೀನು ‘ಹೂಂ’ ಎನ್ನುತ್ತೀ, ‘ಸರಿ’ ಎನ್ನುತ್ತೀ, ಆಮೇಲೆ ನಿನ್ನ ತಂಗಿಯ ಮಗಳ ಕೈಗೆ ಕೊಟ್ಟುಬಿಡುತ್ತೀ. ಕಾಗದವನ್ನಾದರೆ ನೀನೇ ಓದಬೇಕು. ನನ್ನದು ಏಳನೇ ಕ್ಲಾಸಿನ ಅಕ್ಷರ, ತಪ್ಪಿದ್ದಲ್ಲಿ ನಕ್ಕುಬಿಡು.

ವಿಷಯ ಏನೆಂದರೆ, ನಮ್ಮ ಅಡುಗೆಮನೆ ಬಿದ್ದಿತು. ಪೂರ್ತಿ ಬಿದ್ದಿಲ್ಲ, ಗಾಬರಿಯಾಗಬೇಡ. ಸಿಂಕಿನ ಹಿಂದೆ ಪೈಪು ಎಷ್ಟು ದಿನದಿಂದ ಜಿನುಗುತ್ತಿತ್ತೋ ಏನೋ, ಗೋಡೆ ಒಳಗೊಳಗೇ ನೆನೆದು ಮೊನ್ನೆ ಬೆಳಿಗ್ಗೆ ಗಾರೆ ಹಕ್ಕಳೆಯೆದ್ದು ಕೆಳಗೆ ಬಂತು. ನಾನು ಪ್ರಾರ್ತನೆಗೆ ಕೂತಿದ್ದೆ, ಇಲ್ಲದಿದ್ದರೆ ತಲೆಯ ಮೇಲೆ ಬೀಳುತ್ತಿತ್ತು. ಕಟ್ಟೆಯ ಕಲ್ಲು ಸಿಂಕಿನ ಮೂಲೆಯಿಂದ ಒಲೆಯವರೆಗೆ ಸೀಳಿದೆ. ಮೇಸ್ತ್ರಿ ಬಂದು ನೋಡಿ, ತೇಪೆ ಹಾಕಿದರೆ ಮೂರು ತಿಂಗಳಿಗೆ ಮತ್ತೆ ಕರೆಯುತ್ತೀರಿ, ಒಮ್ಮೆಗೇ ಎಲ್ಲ ಕಿತ್ತು ಕಟ್ಟಿಸಿಬಿಡಿ ಎಂದ. ಇವರೂ ಹೂಂ ಎಂದರು.

ಈಗ ದಿನಾ ಒಂದು ಪ್ರಶ್ನೆ. ಒಲೆ ಎಲ್ಲಿ, ಸಿಂಕು ಎಲ್ಲಿ, ಕೆಳಗೆ ಡ್ರಾ ಬೇಕೋ ಬಾಗಿಲಿನ ಕಪಾಟೋ, ಟೈಲ್ಸು ಯಾವ ಬಣ್ಣ. ಇವರನ್ನು ಕೇಳಿದರೆ ‘ನಿನ್ನಿಷ್ಟ’ ಎನ್ನುತ್ತಾರೆ. ಅಡುಗೆಮನೆಯಲ್ಲಿ ಇವರಿಗೆ ಗೊತ್ತಿರುವುದು ನೀರಿನ ಲೋಟ ಇರುವ ಜಾಗ ಒಂದೇ. ಇಪ್ಪತ್ತೆಂಟು ವರ್ಷ ಆ ಒಲೆಯ ಮುಂದೆ ನಿಂತವರು ನಾನು ಮತ್ತು ನೀನು. ತೀರಿಹೋದ ಇವರ ಅಣ್ಣನ ಹೆಂಡತಿ ನೀನು, ಈ ಮನೆಗೆ ನನಗಿಂತ ಮೊದಲು ಬಂದವಳು. ನಿನ್ನನ್ನು ಕೇಳದೆ ಒಂದು ಮೊಳೆ ಹೊಡೆಸುವುದಿಲ್ಲ.

ಎಲ್ಲಕ್ಕಿಂತ ಮೊದಲು ಮೇಸ್ತ್ರಿಗೆ ಬೇಕಾದದ್ದು ಕಟ್ಟೆಯ ಎತ್ತರ. ಹಳೆಯದನ್ನು ಅತ್ತೆ ಯಾವ ಗಳಿಗೆಯಲ್ಲಿ ಕಟ್ಟಿಸಿದರೋ, ಯಾರಿಗೂ ಸರಿಹೋಗಲಿಲ್ಲ. ನೀನು ಬಗ್ಗಿ ಬಗ್ಗಿ ಬೆನ್ನು ಕಳೆದುಕೊಂಡೆ, ನಾನು ಮಣೆಯ ಮೇಲೆ ನಿಂತು ಅಡುಗೆ ಮಾಡಿದೆ. ‘ನನ್ನ ಮನೆಗೆ ಒಂದು ಬಿದಿರ ಗಳ ಬಂತು, ಒಂದು ಗೂಟ ಬಂತು’ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರಲ್ಲ.

ಈ ಸಲ ನಿನ್ನ ಎತ್ತರಕ್ಕೆ ಕಟ್ಟಿಸಬೇಕೆಂದು ನನ್ನ ಆಸೆ. ಎಷ್ಟು ಬೇಕು ಬರೆ.

ನಿನ್ನ ಕೋಣೆಯನ್ನು ವಾರಕ್ಕೊಮ್ಮೆ ಗುಡಿಸಿ ಒರೆಸುತ್ತಿದ್ದೇನೆ.

ಇಂತಿ,
ನಿನ್ನ ಗೂಟ


ಜನವರಿ 19

ತಂಗೀ,

ಕಾಗದ ಬಂತು. ಅಕ್ಷರ ಪರವಾಗಿಲ್ಲ. ‘ಪ್ರಾರ್ಥನೆ’ಯನ್ನು ಮಾತ್ರ ತಪ್ಪಾಗಿ ಬರೆದಿದ್ದೀ, ದೇವರಿಗೆ ತಲುಪಿತೋ ಇಲ್ಲವೋ.

ಕೇಳಿದ್ದಕ್ಕೆ ಹೇಳುತ್ತೇನೆ. ಒಲೆ ಕಿಟಕಿಯ ಕೆಳಗೆ ಬೇಡ, ಗಾಳಿಗೆ ಉರಿ ನಿಲ್ಲುವುದಿಲ್ಲ. ಸಿಂಕು ಕಿಟಕಿಯ ಕೆಳಗಿರಲಿ. ಪಾತ್ರೆ ತೊಳೆಯುವವಳಿಗೆ ಕಣ್ಣಿಗೆ ಏನಾದರೂ ಬೇಕು. ಬಿಳಿ ಟೈಲ್ಸು ಬೇಡ, ನೀನು ಎಣ್ಣೆ ಹಾರಿಸುವ ಚೆಂದಕ್ಕೆ ದಿನಾ ಗೋಡೆ ಉಜ್ಜಬೇಕಾಗುತ್ತದೆ. ಕೆಳಗೆ ಡ್ರಾ ಮಾಡಿಸು. ಮಂಡಿಯೂರಿ ಕಪಾಟಿನೊಳಗೆ ತಲೆ ಹಾಕಿ ಹುಡುಕುವ ವಯಸ್ಸು ನಿನಗೂ ದಾಟುತ್ತಿದೆ.

ಎತ್ತರದ ಮಾತು ನನ್ನನ್ನು ಕೇಳಬೇಡ. ಯಾರು ಅಡುಗೆ ಮಾಡುತ್ತಾರೋ ಅವರ ಎತ್ತರಕ್ಕೆ ಕಟ್ಟಿಸಿಕೊಳ್ಳಬೇಕು. ಅಷ್ಟೇ.

ಕೋಣೆ ಒರೆಸುವಾಗ ಕಿಟಕಿ ತೆರೆದಿಡು, ಮುಗ್ಗಲು ಹಿಡಿಯುತ್ತದೆ.

ಅಕ್ಕ


ಜನವರಿ 27

ಅಕ್ಕನಿಗೆ,

ನಿನ್ನ ಕಾಗದ ನೋಡಿ ಸಂತೋಷವಾಯಿತು. ಆಮೇಲೆ ಎರಡನೇ ಸಲ ಓದಿದೆ, ಸಂತೋಷ ಅರ್ಧಕ್ಕಿಳಿಯಿತು. ಅಕ್ಷರ ಯಾಕೆ ಹಾಗೆ ಇಳಿಜಾರಿನಲ್ಲಿ ಓಡಿದೆ? ಬಸ್ಸಿನಲ್ಲಿ ಕೂತು ಬರೆದೆಯಾ? ಕನ್ನಡಕ ಬದಲಿಸಿಕೋ.

ನೀನು ಹೇಳಿದ ಹಾಗೆ ಸಿಂಕು ಕಿಟಕಿಯ ಕೆಳಗೆ. ಟೈಲ್ಸು ತಿಳಿ ಬೂದಿ ಬಣ್ಣದ್ದು. ಅಂಗಡಿಯವನು ಅದಕ್ಕೆ ಇನ್ನೇನೋ ದೊಡ್ಡ ಹೆಸರು ಹೇಳಿದ, ನನಗೆ ಕಂಡದ್ದು ಒಲೆಯ ಬೂದಿಯೇ. ಹೊಗೆ ಎಳೆಯುವ ಚಿಮಣಿ ಒಂದು ಇರಲಿ ಎಂದು ಇವರು ಹಟ ಮಾಡಿದರು. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವಲ್ಲ ಎಂದೆ. ‘ಈಗ ಅಲ್ಲಿ ಮಾತಾಡೋರು ಯಾರಿದ್ದಾರೆ?’ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಅವತ್ತು ನನಗೆ ಊಟ ಇಳಿಯಲಿಲ್ಲ.

ನಿನ್ನೆ ಹಳೇ ಕಟ್ಟೆ ಒಡೆದರು. ಕಲ್ಲಿಗೂ ಗೋಡೆಗೂ ನಡುವಿನ ಸಂದಿಯಿಂದ ಏನು ಸಿಕ್ಕಿತು ಗೊತ್ತಾ? ಅತ್ತೆಯ ಹಿತ್ತಾಳೆ ಸೌಟು. ನಾನು ಮದುವೆಯಾಗಿ ಬಂದ ಮೊದಲನೇ ತಿಂಗಳು ಕಳೆದದ್ದು. ಅತ್ತೆ ಮನೆಯೆಲ್ಲ ಕೂಗಾಡಿ, ಹೊಸಬಳು ಎಲ್ಲೋ ಎಸೆದಿದ್ದಾಳೆ ಎಂದು ನನ್ನ ಮುಂದೆ ಬಂದು ನಿಂತಾಗ ನೀನು ಹಿಂದಿನಿಂದ ‘ನಾನೇ ಕಳೆದದ್ದು’ ಎಂದೆ. ಮೂರು ದಿನ ಬೈಸಿಕೊಂಡೆ. ನಾನು ಎಸೆದಿದ್ದೇನೆಂದೇ ನೀನು ತಿಳಿದಿದ್ದೆ, ನನಗೆ ಗೊತ್ತು. ನಾನು ಎಸೆದಿರಲಿಲ್ಲ ಅಕ್ಕ. ಇಷ್ಟು ವರ್ಷವಾದ ಮೇಲೆ ಸೌಟೇ ಸಾಕ್ಷಿ ಹೇಳಿತು. ಹುಣಿಸೆಹಣ್ಣು ಹಾಕಿ ತಿಕ್ಕಿಟ್ಟಿದ್ದೇನೆ.

ಅದನ್ನು ತಿಕ್ಕುತ್ತಾ ತಿಕ್ಕುತ್ತಾ ಒಂದು ಮಾತು ಬರೆಯಬೇಕೆನಿಸಿತು. ಹೋದ ವರ್ಷ ಇವರ ಕಚೇರಿಯವರು ಊಟಕ್ಕೆ ಬಂದ ದಿನ. ನೀನು ಎರಡು ಸಲ ಉಪ್ಪು ಹಾಕಿದೆ, ಆಮೇಲೆ ಹಾಲಿನ ಪಾತ್ರೆ ಅವರ ಮುಂದೆಯೇ ನೆಲಕ್ಕೆ ಬಿಟ್ಟೆ. ಆಗ ನಾನು ಅಷ್ಟು ಜನರ ಎದುರಿಗೆ ‘ಕೈಲಾಗದಿದ್ದರೆ ಸುಮ್ಮನೆ ಕೂತಿರಬಾರದಾ’ ಎಂದೆ. ನೀನು ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟೆ. ವಾರದೊಳಗೆ ತಂಗಿಯ ಮಗಳ ಮನೆಗೆ ಹೊರಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಕ್ಕ, ನಾನು ಅಂದಿದ್ದು

ಮೇಸ್ತ್ರಿ ಕರೆಯುತ್ತಿದ್ದಾನೆ. ಪೈಪಿನವನು ಬಂದಿದ್ದಾನಂತೆ.

ಎತ್ತರ ಬರೆಯದೆ ಇರಬೇಡ. ಸಾಮಾನ್ಯವಾಗಿ ಎರಡೂ ಮುಕ್ಕಾಲು ಅಡಿ ಕಟ್ಟುತ್ತಾನಂತೆ. ನಿನಗೆ ಮೂರಡಿಯಾದರೂ ಬೇಕು. ನಾನು ಮಣೆಗೆ ಒಗ್ಗಿದವಳು, ಇನ್ನೊಂದು ಮಣೆ ಮೇಲೆ ಹಾಕಿಕೊಳ್ಳುತ್ತೇನೆ. ನೀನು ಇನ್ನು ಬಗ್ಗಬಾರದು.

ಇಂತಿ,
ಗೂಟ


ಫೆಬ್ರವರಿ 16

ತಂಗೀ,

ನಿನ್ನ ಹಟ ನನಗೆ ಹೊಸದಲ್ಲ. ಈ ಕಾಗದದ ಜೊತೆ ಒಂದು ದಾರ ಇಟ್ಟಿದ್ದೇನೆ. ಅದರಲ್ಲಿ ಎರಡು ಗಂಟಿವೆ. ಮಸಿ ಹಚ್ಚಿದ ತುದಿ ನೆಲಕ್ಕೆ. ಮೊದಲನೇ ಗಂಟಿಗೆ ಕಟ್ಟೆಯ ಮೇಲ್ಮೈ ಬರಬೇಕು. ಎರಡನೇ ಗಂಟು ಮೇಲಿನ ಶೆಲ್ಫಿಗೆ, ಅದಕ್ಕಿಂತ ಒಂದು ಬೆರಳೂ ಎತ್ತರ ಬೇಡ. ದಾರವನ್ನು ಹಾಗೇ ಮೇಸ್ತ್ರಿಯ ಕೈಗೆ ಕೊಡು. ನೀನು ಟೇಪು ಹಿಡಿದು ಅಳೆಯಲು ಹೋಗಬೇಡ. ಲೆಕ್ಕದಲ್ಲಿ ನೀನು ಹುಟ್ಟು ದಡ್ಡಿ.

ಸೌಟಿನ ವಿಷಯ. ನೀನು ಎಸೆದಿಲ್ಲವೆಂದು ನನಗೆ ಅವತ್ತೇ ಗೊತ್ತಿತ್ತು. ಸಂದಿಗೆ ಬೀಳಿಸಿದ್ದು ನಾನೇ. ತೆಗೆಯಲು ಕೈ ಹೋಗಲಿಲ್ಲ, ಸುಮ್ಮನಾದೆ. ನಿನ್ನನ್ನು ಕಾಪಾಡಿದೆ ಎಂದು ಇಷ್ಟು ವರ್ಷ ನನಗೆ ಸೇವೆ ಮಾಡಿದೆಯಲ್ಲ, ಒಳ್ಳೇ ಲಾಭ.

ಆ ದಿನದ ಮಾತು ಬರೆಯಲು ಹೊರಟು ಅರ್ಧಕ್ಕೆ ಬಿಟ್ಟಿದ್ದೀ. ಅದು ಅಲ್ಲಿಗೇ ಇರಲಿ. ನೀನು ಅಂದಿದ್ದೇನೂ ಸುಳ್ಳಲ್ಲ.

ಸಿಮೆಂಟಿನ ಧೂಳಿನಲ್ಲಿ ಕೂತಿರಬೇಡ. ನಿನ್ನ ಎದೆ ನೆಟ್ಟಗಿಲ್ಲ. ನಿನ್ನ ಮಗಳ ಮನೆಗೆ ಹೋಗಿ ಕೆಲಸ ಮುಗಿದ ಮೇಲೆ ಬಾ.

ಗಳ


ಫೆಬ್ರವರಿ 22

ಅಕ್ಕ,

ದಾರ ಸಿಕ್ಕಿತು. ಅದನ್ನು ಕಣ್ಣಿಗೊತ್ತಿಕೊಂಡು ನೇರ ಮೇಸ್ತ್ರಿಗೆ ಕೊಟ್ಟೆ, ಬಿಚ್ಚಿಯೂ ನೋಡಲಿಲ್ಲ. ನಿನ್ನ ಆಜ್ಞೆ. ಅವನು ಮೊದಲು ನಕ್ಕ. ‘ಅಮ್ಮಾ, ಎಲ್ರೂ ಮೊಬೈಲಲ್ಲಿ ಫೋಟೋ ತೋರಿಸ್ತಾರೆ, ನೀವು ದಾರ ಕೊಡ್ತೀರಲ್ಲ’ ಎಂದ. ಆಮೇಲೆ ಅದನ್ನು ಮೊಳೆಗೆ ನೇತುಹಾಕಿ, ಇದೊಂದರ ಮೇಲೆ ಯಾರೂ ಕೈಯಿಡಬಾರದು ಎಂದು ತನ್ನ ಆಳುಗಳಿಗೆ ಹೇಳಿದ.

ಕೊನೆಯಲ್ಲಿ ‘ಗಳ’ ಎಂದು ಬರೆದೆಯಲ್ಲ, ಅದಕ್ಕೆ ಎಷ್ಟು ಅತ್ತೆನೋ. ‘ಸುಳ್ಳಲ್ಲ’ ಎಂದದ್ದು ಚುಚ್ಚಿದ್ದೋ ಕ್ಷಮಿಸಿದ್ದೋ ಮಾತ್ರ ತಿಳಿಯಲಿಲ್ಲ. ಎರಡೂ ಇರಬಹುದು. ಪರವಾಗಿಲ್ಲ, ಅಳತೆ ಕಳಿಸಿದೆ ಅಂದರೆ ಬರುತ್ತೀ ಎಂದೇ ಅರ್ಥ. ಬಾರದವಳು ಕಟ್ಟೆ ಯಾಕೆ ಅಳೆದು ಕಳಿಸುತ್ತಾಳೆ?

ಇವತ್ತು ಮಗಳ ಮನೆಗೆ ಹೊರಟಿದ್ದೇನೆ. ಕಲ್ಲು ಕೂರಿಸಿ, ಟೈಲ್ಸು ಹಚ್ಚಿ, ಡ್ರಾ ಜೋಡಿಸುವ ಹೊತ್ತಿಗೆ ಎರಡು ವಾರವಾಗುತ್ತದೆ. ಏಪ್ರಿಲ್ ಮೊದಲ ವಾರ ನೀನು ಬಂದುಬಿಡು. ಮೊದಲ ದಿನ ಒಲೆ ಹಚ್ಚುವವಳು ನೀನೇ. ದೇವರ ಮುಂದೆ ಹಾಗೇ ಹೇಳಿಕೊಂಡಿದ್ದೇನೆ, ಈಗ ತಪ್ಪಿದರೆ ಪಾಪ ನಿನಗೆ.

ನಿನ್ನ ಕೋಣೆಯ ಕಿಟಕಿ ದಿನಾ ತೆರೆದಿಡಲು ಇವರಿಗೆ ಹೇಳಿದ್ದೇನೆ. ಮರೆಯುತ್ತಾರೆ, ಗೊತ್ತು.

ಇಂತಿ,
ಗೂಟ


ಮಾರ್ಚ್ 12

ಅಕ್ಕ,

ಎಡವಟ್ಟಾಗಿದೆ. ಸಿಟ್ಟು ಮಾಡಿಕೊಳ್ಳದೆ ಓದು.

ನಿನ್ನೆ ಮನೆಗೆ ಬಂದೆ. ಅಡುಗೆಮನೆ ಬೆಳಗುತ್ತಿತ್ತು, ನನ್ನದೇ ಮನೆ ಎಂದು ನಂಬಿಕೆಯಾಗಲಿಲ್ಲ. ಕಲ್ಲಿನ ಅಂಚು ಉಜ್ಜಿ ಗುಂಡಗೆ ಮಾಡಿದ್ದಾನೆ, ಡ್ರಾಗಳು ಬೆರಳಿಗೆ ಜಾರುತ್ತವೆ. ಮಣೆಯನ್ನು ಹುಡುಕಿಕೊಂಡು ಬಂದು ಕಟ್ಟೆಯ ಮುಂದೆ ಹಾಕಿ ಹತ್ತಿ ನಿಂತೆ. ನಿಂತರೆ ಕಟ್ಟೆ ತೊಡೆಯ ಹತ್ತಿರ ಹೋಗಿದೆ! ಇಳಿದೆ. ಬರಿಗಾಲಲ್ಲಿ ನೆಲದ ಮೇಲೆ ನಿಂತೆ. ಕೈ ತಾನಾಗಿ ಕಲ್ಲಿನ ಮೇಲೆ ಕೂತಿತು. ಭುಜ ಎತ್ತಬೇಕಿಲ್ಲ, ಹಿಮ್ಮಡಿ ಎತ್ತಬೇಕಿಲ್ಲ. ಶೆಲ್ಫಿಗೆ ಕೈ ಚಾಚಿದರೆ ಹಿಂದಿನ ಗೋಡೆಯೂ ಸಿಕ್ಕಿತು.

ಮೇಸ್ತ್ರಿಗೆ ಬಾಯಿಗೆ ಬಂದ ಹಾಗೆ ಬೈದೆ. ಎತ್ತರದ ಹೆಂಗಸಿಗೆ ಎಂದು ಸಾರಿ ಸಾರಿ ಹೇಳಿದ್ದೆನಲ್ಲ, ಅರ್ಧ ಕೆಲಸವಾದ ಮೇಲೆ ಸಾಮಾನು ಸಾಲದೆ ಗಿಡ್ಡ ಮಾಡಿದೆಯಾ ಎಂದೆ. ಅವನು ಮೊಳೆಯಿಂದ ದಾರ ತೆಗೆದು, ಮಸಿಯ ತುದಿಯನ್ನು ಕಾಲಿನಿಂದ ನೆಲಕ್ಕೆ ಒತ್ತಿ ಹಿಡಿದು ಎಳೆದ. ಗಂಟು ಸರಿಯಾಗಿ ಕಲ್ಲಿನ ಮೇಲೆ ಬಂದು ಕೂತಿತು. ಎರಡೂವರೆ ಅಡಿ, ಮೇಲೆ ಒಂದಿಂಚು. ‘ದಾರ ಸುಳ್ಳು ಹೇಳಲ್ಲಮ್ಮ’ ಎಂದ. ‘ಕಟ್ಟೋವಾಗ ನನಗೂ ಅನ್ನಿಸ್ತು. ಇದನ್ನ ಅಳೆದವರು ತಮ್ಮನ್ನ ಅಳ್ಕೊಂಡಿಲ್ಲ. ನಿಮ್ಮನ್ನ ಎದುರಿಗೆ ನಿಲ್ಲಿಸ್ಕೊಂಡು ಅಳೆದಿದ್ದಾರೆ.’

ಅವನಿಗೇನು ಗೊತ್ತು. ನಾನು ನಿನ್ನ ಎದುರಿಗೆ ಎಲ್ಲಿದ್ದೆ? ನೀನೇ ಗಂಟು ತಪ್ಪಿದ್ದೀ, ಕನ್ನಡಕ ಬದಲಿಸು ಎಂದು ಜನವರಿಯಲ್ಲೇ ಬಡಕೊಂಡೆ. ಕಲ್ಲು ಬಿಚ್ಚಿ ಒಂದು ವರಸೆ ಇಟ್ಟಿಗೆ ಏರಿಸಬಹುದಂತೆ. ನೀನು ಒಂದು ಸಾಲು ಬರೆದರೆ ಸಾಕು, ನಾಳೆಯೇ ಬಿಚ್ಚಿಸುತ್ತೇನೆ. ಅಲ್ಲಿಯವರೆಗೆ ಒಲೆ ಹಚ್ಚುವುದಿಲ್ಲ. ಹಿಂದಿನ ವರಾಂಡದಲ್ಲೇ ಬೇಯಿಸುತ್ತಿದ್ದೇನೆ.

ಬೇಗ ಬರೆ. ಬೇರೆಯವರ ಕೈಯಲ್ಲಿ ಬರೆಸಬೇಡ, ನೀನೇ ಬರೆ.

ಗೂಟ


ಮಾರ್ಚ್ 19

ಚಿಕ್ಕಮ್ಮನವರಿಗೆ ನಮಸ್ಕಾರ.

ನಾನು, ನಿಮ್ಮ ಅಕ್ಕನ ತಂಗಿಯ ಮಗಳು. ದೊಡ್ಡಮ್ಮ ಇದನ್ನೆಲ್ಲ ನಿಮಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಮುರಿಯುತ್ತಿದ್ದೇನೆ, ದೇವರು ನನ್ನನ್ನು ಏನು ಬೇಕಾದರೂ ಮಾಡಲಿ.

ದೊಡ್ಡಮ್ಮನಿಗೆ ಇನ್ನು ಬರೆಯಲಾಗುವುದಿಲ್ಲ. ನರದ ಕಾಯಿಲೆ. ಮೊದಲು ಬಲಗೈ, ಆಮೇಲೆ ಎಡಗೈ, ಈಗ ಕಾಲು, ನಾಲಿಗೆ. ಫೆಬ್ರವರಿಯ ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ‘ಗಳ’ ಎಂಬ ಎರಡು ಅಕ್ಷರಕ್ಕೆ ಒಂದು ಬೆಳಿಗ್ಗೆ. ಫೋನನ್ನು ನನ್ನ ಕೈಗೆ ಕೊಡುತ್ತಿದ್ದುದೂ ಮಾತು ತೊದಲುವುದು ನಿಮಗೆ ಗೊತ್ತಾಗಬಾರದೆಂದೇ. ನಿಮ್ಮ ಮನೆಯಲ್ಲಿ ಹಾಲಿನ ಪಾತ್ರೆ ಬಿದ್ದ ದಿನಕ್ಕಿಂತ ಒಂದು ತಿಂಗಳು ಮುಂಚೆಯೇ ಡಾಕ್ಟರು ಹೇಳಿಯಾಗಿತ್ತು. ಅವರು ಹೊರಡಲು ದಾರಿ ಹುಡುಕುತ್ತಿದ್ದರು, ನೀವು ಆಡಿದ ಮಾತು ದಾರಿಯಾಯಿತು. ಹೇಳಿಬಿಡೋಣ ಎಂದು ನಾನು ಎಷ್ಟು ಸಲ ಅಂದೆನೋ. ‘ಅತ್ತೆ ಮಾವ ಇಬ್ಬರ ಹಾಸಿಗೆ ಒಗೆದಿದ್ದಾಳೆ ಅವಳು. ಮೂರನೆಯದು ಬೇಡ. ಸಿಟ್ಟಲ್ಲಿ ಬಂದೆ ಅಂತ ತಿಳ್ಕೊಳ್ಳಲಿ’ ಎಂದರು.

ನಿಮ್ಮ ಮೊನ್ನೆಯ ಕಾಗದವನ್ನು ನಾನೇ ಓದಿ ಹೇಳಿದೆ. ಗಂಟು ತಪ್ಪಿಲ್ಲ ಚಿಕ್ಕಮ್ಮ. ಆ ದಾರ ಅಳೆದ ದಿನ ನಾನೂ ನನ್ನ ಗಂಡನೂ ಎರಡು ಕಡೆ ಹಿಡಿದು ಅವರನ್ನು ಗೋಡೆಗೆ ನಿಲ್ಲಿಸಿದೆವು. ಎಲ್ಲಿ ಅಳೆಯಲಿ ಎಂದರೆ ಸೊಂಟದ ಮೂಳೆ ತೋರಿಸಿದರು. ‘ಮಣೆ ಮೇಲೆ ನಿಂತಾಗ ಅವಳ ಮೊಣಕೈ ಇಲ್ಲಿಗೆ ತಾಗ್ತಿತ್ತು. ಇಪ್ಪತ್ತೆಂಟು ವರ್ಷ ತಿವಿದಿದ್ದಾಳೆ, ನನಗೆ ಗೊತ್ತಿಲ್ವಾ? ಮಣೆ ನಾಲ್ಕು ಬೆರಳು, ಅದನ್ನ ಕಳಿ. ಮೊಣಕೈಯಿಂದ ಎಂಟು ಬೆರಳು ಕೆಳಗೆ ಕಟ್ಟೆ’ ಎಂದರು. ಗಂಟನ್ನು ಅವರು ಹೇಳಿದ ಕಡೆ ನಾನು ಹಾಕಿದೆ. ಮಸಿ ಮಾತ್ರ ಅವರೇ ಹಚ್ಚಿದರು, ಬೆರಳು ಅದ್ದಿ.

ಕಟ್ಟೆ ಒಡೆಸಬೇಡಿ ಎನ್ನುತ್ತಿದ್ದಾರೆ. ಅದೊಂದು ಮಾತು ಇವತ್ತೂ ಸ್ಪಷ್ಟವಾಗಿ ಬಂತು.

ಅವರು ಬೈದರೆ ನಾನು ಬೈಸಿಕೊಳ್ಳುತ್ತೇನೆ. ನೀವು ಹೊರಟು ಬನ್ನಿ. ತಡ ಮಾಡಬೇಡಿ.

ನಿಮ್ಮ ಮಗಳಂಥವಳು


ಏಪ್ರಿಲ್ 27

ಮಗಳೇ,

ಎಲ್ಲ ಮುಗಿಸಿ ಮನೆಗೆ ಬಂದು ಹತ್ತು ದಿನವಾಯಿತು. ತಲುಪಿದೆ ಎಂದು ಅವತ್ತೇ ಬರೆಯಬೇಕಿತ್ತು. ಕಾಗದ ತೆಗೆದರೆ ಕೈ ತಾನಾಗಿ ‘ಅಕ್ಕನಿಗೆ’ ಎಂದು ಬರೆಯುತ್ತಿತ್ತು. ಹಾಗೆ ಮೂರು ಹಾಳೆ ಹೋದವು.

ನೀನು ಮಾಡಿದ ಸೇವೆಗೆ ಏನು ಹೇಳಲಿ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಆಣೆ ಮುರಿದದ್ದಕ್ಕೆ ಪಾಪ ಬಂದರೆ ನನ್ನ ಹೆಸರಿಗೆ ಬರೆದುಕೊಳ್ಳಲಿ ಎಂದು ದಿನಾ ಕೇಳಿಕೊಳ್ಳುತ್ತಿದ್ದೇನೆ. ನೀನು ಮುರಿಯದಿದ್ದರೆ ಆ ಹನ್ನೊಂದು ದಿನವೂ ನನಗೆ ಸಿಗುತ್ತಿರಲಿಲ್ಲ.

ನೀನು ನೋಡದಿದ್ದದ್ದು ಒಂದಿದೆ, ಹೇಳುತ್ತೇನೆ. ನೀನು ಔಷಧಿ ತರಲು ಹೋಗಿದ್ದೆ. ನಾನು ಮಂಚದ ಪಕ್ಕ ನಿಂತಿದ್ದೆ. ಅವಳು ಮಲಗಿದ್ದಳು, ನಾನು ನಿಂತಿದ್ದೆ, ಅಷ್ಟು ವರ್ಷದಲ್ಲಿ ನಾನು ಅವಳಿಗಿಂತ ಎತ್ತರವಾದದ್ದು ಆಗಲೇ. ಆ ಮಾತಿಗೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವಳು ಕಣ್ಣು ಮುಚ್ಚಿಬಿಟ್ಟಳು. ಕೇಳಲು ಇಷ್ಟವಿಲ್ಲ ಎಂದು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದು ನನ್ನ ಮೊಣಕೈ ನೋಡಿದಳು. ನಾನು ಬಗ್ಗಿ ಅವಳ ಸೊಂಟಕ್ಕೆ ಮೆಲ್ಲಗೆ ತಿವಿದೆ. ನಕ್ಕಳೆಂದೇ ನನಗೆ ಕಂಡಿತು. ಮುಖದಲ್ಲಿ ನಗು ಮೂಡಲು ಬಲ ಎಲ್ಲಿತ್ತು, ಆದರೂ ನನಗೆ ಹಾಗೆ ಕಂಡಿತು.

ಒಂದನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ನನ್ನ ಮಾತಿಗೆ ನೊಂದು ಹೋದಳೆಂದು ನಾನು ಒಂದು ವರ್ಷ ನೆಟ್ಟಗೆ ನಿದ್ದೆ ಮಾಡಲಿಲ್ಲ. ನಾನು ಹಾಗೇ ತಿಳಿದುಕೊಳ್ಳಲಿ ಎಂದು ಅವಳು ಬಿಟ್ಟಳು. ನನಗೆ ಕೆಲಸ ಉಳಿಸಲು. ಮೂರನೇ ಹಾಸಿಗೆ ಒಗೆಯಲಾರೆ ಎಂದು ನಾನು ಅವಳಿಗೆ ಯಾವತ್ತು ಹೇಳಿದ್ದೆ? ಅವಳದ್ದನ್ನು ಒಗೆಯುವುದು ನನಗೆ ಕೆಲಸವಾಗುತ್ತಿತ್ತಾ? ನಾನು ದೇವರನ್ನು ನಂಬಿದವಳು, ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು. ಇದೊಂದನ್ನು ಬಿಡಲು ಇನ್ನೂ ಆಗಿಲ್ಲ. ಪ್ರಾರ್ಥನೆಯಲ್ಲಿ ಅದನ್ನೂ ಹೇಳುತ್ತಿದ್ದೇನೆ.

ಕಟ್ಟೆ ಒಡೆಸಲಿಲ್ಲ. ಬಂದ ಮೂರನೇ ದಿನ ಒಲೆ ಹಚ್ಚಿದೆ. ನೆಲದ ಮೇಲೆ ನಿಂತು, ಬರಿಗಾಲಲ್ಲಿ. ಅಕ್ಕ ಹೇಳಿದಂತೆ ಎಲ್ಲ ಸರಿಯಾಗಿದೆ. ಸಿಂಕಿನ ಮುಂದೆ ನಿಂತರೆ ಕಿಟಕಿಯಿಂದ ಬೀದಿ ಕಾಣುತ್ತದೆ, ಗೋಡೆಯ ಮೇಲೆ ಎಣ್ಣೆ ಹಾರಿದರೂ ಕಾಣುವುದಿಲ್ಲ. ಬೆನ್ನು ನೋಯುವುದಿಲ್ಲ, ಮೀನಖಂಡ ನೋಯುವುದಿಲ್ಲ. ಬೆಳಿಗ್ಗೆ ಹೋಗಿ ನಿಂತ ತಕ್ಷಣ ಬಲಗಾಲು ಮಾತ್ರ ಇನ್ನೂ ಮಣೆ ಹುಡುಕುತ್ತದೆ.

ಮೊದಲು ಡಬ್ಬಗಳೆಲ್ಲ ಮೇಲೆ ಅಟ್ಟದ ಹಲಗೆಯಲ್ಲಿರುತ್ತಿದ್ದವು. ‘ಗಳಾ, ಇಳಿಸು’ ಎಂದರೆ ಅವಳು ಗೊಣಗುತ್ತಾ ಬಂದು ಇಳಿಸುತ್ತಿದ್ದಳು. ದಿನಕ್ಕೆ ಹತ್ತು ಸಲವಾದರೂ ಕರೆಯುತ್ತಿದ್ದೆ. ಈಗ ಶೆಲ್ಫು ಎರಡನೇ ಗಂಟಿಗಿದೆ, ಎಲ್ಲ ಕೈಗೆ ಸಿಗುತ್ತದೆ. ನಾನು ಯಾರನ್ನೂ ಕರೆಯಬೇಕಾಗದ ಹಾಗೆ ಅಳೆದುಕೊಟ್ಟು ಹೋಗಿದ್ದಾಳೆ ಮಹಾತಾಯಿ.

ನಿನ್ನೆ ಇವರನ್ನು ಸ್ಟೂಲು ಹತ್ತಿಸಿ ಟೀಪುಡಿಯ ಡಬ್ಬವನ್ನು ಮಾತ್ರ ಮತ್ತೆ ಅಟ್ಟದ ಮೇಲೆ ಇಡಿಸಿದೆ. ಕೆಳಗೆ ಇಷ್ಟು ಜಾಗ ಇದೆಯಲ್ಲ, ದಿನಾ ಬೇಕಾಗೋದನ್ನ ಅಲ್ಲಿ ಯಾಕೆ ಇಡ್ತೀಯಾ, ನಿನಗೆ ಸಿಗುತ್ತಾ ಎಂದರು.

ಸಿಗಲ್ಲ, ಇರಲಿ ಬಿಡಿ ಎಂದೆ.

ಇಂತಿ ನಿನ್ನ ಚಿಕ್ಕಮ್ಮ,
ಗೂಟ